ನಮ್ಮನೆಯಲ್ಲಿ ದಿನಾ ಜನವರಿ ಒಂದು

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದ ಸಾವ್ಕಾರರೊಬ್ಬರ ಲೆಕ್ಕಪತ್ರ ಬರೆಯುವ ಕೆಲಸ ನನ್ನದು. ಹಳೇ ಹುಬ್ಬಳ್ಳಿಯ ನಮ್ಮ ಪಡಸಾಲೆಯ ಮೂಲೆಯೇ ನನ್ನ ಆಫೀಸು. ಒಂದು ದಿನ ಚಹಾ ಇನ್ನೂ ಗಂಟಲಿಗೆ ಇಳಿದಿರಲಿಲ್ಲ, ಸಾವ್ಕಾರರ ಫೋನ್ ಬಂತು.

"ಏನ್ರೀ, ನಿನ್ನೆ ಕಳಿಸಿದ ಬಿಲ್ಲಿನ ಮ್ಯಾಲೆ ತಾರೀಖು ನೋಡೀರೇನು?"

"ಯಾಕ್ರೀ?"

"ನೋಡ್ರಿ ಒಮ್ಮೆ."

ನೋಡಿದೆ. 01-01-2009.

ಜಿಎಸ್‌ಟಿ ಜಾರಿಗೆ ಬಂದಿದ್ದೇ 2017ರ ಜುಲೈ 1ಕ್ಕೆ. ನಾನು ಅದಕ್ಕಿಂತ ಎಂಟೂವರೆ ವರ್ಷ ಮೊದಲೇ ಶೇಕಡಾ 5 ಹಚ್ಚಿ, ಪೈಸೆ ಸಮೇತ ಕೂಡಿಸಿ, ಬಿಲ್ ಕಳಿಸಿಬಿಟ್ಟಿದ್ದೆ. ಸಾವ್ಕಾರರಿಗೆ ಜಿಎಸ್‌ಟಿಯ ಚಿಂತೆ ಇರಲಿಲ್ಲ. "ಗಿರಾಕಿ ಹಟ ಹಿಡದಾನ್ರೀ. ತಾರೀಖು 2009ರದ್ದು ಐತಿ, ರೇಟೂ 2009ರದ್ದ ಹಚ್ಚರಿ ಅಂತಾನ. ಏನ್ ಹೇಳ್ಲಿ ಅವಂಗ?"

ತಪ್ಪು ನನ್ನದಲ್ಲ, ಕಂಪ್ಯೂಟರಿನದು ಅಂದೆ. ಲೆಕ್ಕ ಬರೆಯುವವರು ಎಲ್ಲರೂ ಹಂಗೇ ಅನ್ನುತ್ತಾರೆ ಅಂತ ಅವರು ಫೋನ್ ಇಟ್ಟರು.

ನಿಜ ಹೇಳಬೇಕೆಂದರೆ ಈ ರೋಗ ಎರಡು ತಿಂಗಳಿಂದ ಇತ್ತು. ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿದರೆ ಕರೀ ಪರದೆ. ಅದರ ಮೇಲೆ ಬಿಳೀ ಅಕ್ಷರ: 'ಸಿಮಾಸ್ ಚೆಕ್‌ಸಮ್ ಎರರ್'. ಕೆಳಗೆ, ಮುಂದೆ ಹೋಗಲು ಎಫ್1 ಒತ್ತಿ ಅಂತ. ಒತ್ತಿದರೆ ಹೋಗುತ್ತಿತ್ತು. ಮುಂದೆ ಹೋಗುವುದನ್ನು ತಡೆದು ಕೇಳುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ. ಎಡಗೈಯಲ್ಲಿ ಚಹಾದ ಕಪ್ಪು, ಬಲಗೈ ಬೆರಳು ಎಫ್1 ಮೇಲೆ. ಹೀಗೆ ಅರವತ್ತು ದಿನ ಸುಖವಾಗಿ ಕಳೆದವು.

ಆದರೆ ಎಫ್1ರ ಆಚೆ ಇದ್ದದ್ದು ಬೇರೆ ಕಾಲ. ಅಲ್ಲಿ ದಿನಾ 2009ರ ಜನವರಿ ಒಂದು. ಹುಬ್ಬಳ್ಳಿಗೆ ಇಂಗ್ಲಿಷಿನಲ್ಲಿ ಇನ್ನೂ 'ಹುಬ್ಳಿ' ಅಂತಲೇ ಹೆಸರಿದ್ದ ಕಾಲ. ಅದನ್ನು ಸರ್ಕಾರ ಬದಲಿಸಿದ್ದು 2014ರ ನವೆಂಬರ್ 1ಕ್ಕೆ. ಧಾರವಾಡಕ್ಕೆ ಹೋಗಲು ಚಿಗರಿ ಬಸ್ಸೂ ಇರಲಿಲ್ಲ. ಏಳನೇ ಇಯತ್ತೆಯ ನನ್ನ ಮಗ ತನ್ನ ಪ್ರಾಜೆಕ್ಟ್ ಟೈಪ್ ಮಾಡಿ ಸೇವ್ ಮಾಡಿದರೆ, ಅವನು ಹುಟ್ಟುವ ನಾಲ್ಕು ವರ್ಷ ಮೊದಲೇ ಮುಗಿಸಿದ ಹಾಗೆ ತೋರಿಸುತ್ತಿತ್ತು. ಹೋಮ್‌ವರ್ಕನ್ನು ಅಷ್ಟು ಮುಂಚಿತವಾಗಿ ಮುಗಿಸಿದ ಹುಡುಗ ನಮ್ಮ ಓಣಿಯಲ್ಲಿ ಮತ್ತೊಬ್ಬನಿಲ್ಲ. ವೈರಸ್ ತಡೆಯುವ ಸಾಫ್ಟ್‌ವೇರಿಗಂತೂ ಖುಷಿಯೋ ಖುಷಿ, ಅದರ ಅವಧಿ ಮುಗಿಯಲು ಇನ್ನೂ ಆರು ಸಾವಿರ ಚಿಲ್ಲರೆ ದಿನ ಬಾಕಿ ಇತ್ತು.

ಕೈಕೊಟ್ಟಿದ್ದು ಬ್ಯಾಂಕು. ಅದರ ಪುಟ ತೆರೆದರೆ ಕೆಂಪು ಎಚ್ಚರಿಕೆ: ಈ ಸಂಪರ್ಕ ಸುರಕ್ಷಿತವಲ್ಲ, ನಿಮ್ಮ ಗಡಿಯಾರ ಹಿಂದಿದೆ. ನಮ್ಮ ರೊಕ್ಕ ಯಾರೋ ಹೊಡೆದರು ಅಂತಲೇ ನಾನು ತಿಳಿದೆ. ಆಮೇಲೆ ಗೊತ್ತಾಯಿತು. ಬ್ಯಾಂಕಿನಂಥ ಸುರಕ್ಷಿತ ವೆಬ್‌ಸೈಟಿಗೆಲ್ಲ ಒಂದು ಸರ್ಟಿಫಿಕೇಟ್ ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ನಡೆಯುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಬ್ರೌಸರ್ ಆ ತಾರೀಖನ್ನು ನಮ್ಮ ಕಂಪ್ಯೂಟರಿನ ತಾರೀಖಿನ ಜೊತೆ ತಾಳೆ ನೋಡುತ್ತದೆ. 2009ರಲ್ಲಿ ಕೂತವನಿಗೆ ಈಗಿನ ಸರ್ಟಿಫಿಕೇಟ್ ಇನ್ನೂ ಹುಟ್ಟದ ಕೂಸು. ನಂಬುವುದಾದರೂ ಹೇಗೆ?

ಹಾಗಾಗಿ ದಿನಾ ಬೆಳಿಗ್ಗೆ ಗೋಡೆಯ ಕ್ಯಾಲೆಂಡರ್ ನೋಡಿ ಕಂಪ್ಯೂಟರಿಗೆ ತಾರೀಖು ಹೇಳಿಕೊಡುವುದು ನನ್ನ ಇನ್ನೊಂದು ಡ್ಯೂಟಿ ಆಯಿತು. 1981ರಲ್ಲಿ ಬಂದ ಐಬಿಎಂನ ಮೊದಲ ಪಿಸಿ ಹೀಗೇ ಇತ್ತಂತೆ. ಚಾಲೂ ಮಾಡಿದಾಗೆಲ್ಲ 'ಇವತ್ತು ತಾರೀಖು ಎಷ್ಟು?' ಅಂತ ಕೇಳುತ್ತಿತ್ತು. 1984ರಲ್ಲಿ ಅವರೇ ಮಾಡಿದ ಎಟಿ ಎಂಬ ಮಾಡೆಲ್ಲಿನ ಬೋರ್ಡಿಗೆ ಗಡಿಯಾರ ಮತ್ತು ಬ್ಯಾಟರಿ ಸೇರಿಸಿ ಆ ಕಾಟ ತಪ್ಪಿಸಿದರು. ನನ್ನದು ಕೇಳುವ ಸೌಜನ್ಯವನ್ನೂ ತೋರಿಸುತ್ತಿರಲಿಲ್ಲ. ನಾನೇ ಹೇಳಬೇಕು. ಮೆಣಸಿನಕಾಯಿ ಬಿಲ್ಲಿನ ದಿನ ಹೇಳುವುದು ಮರೆತಿದ್ದೆ.

ಸಾವ್ಕಾರರ ಫೋನಿನ ಮರುದಿನ ಇನ್ನೊಂದು ಹೊಸ ಆಟ. ಎಫ್1 ಒತ್ತಿದರೂ ವಿಂಡೋಸ್ ಬರಲಿಲ್ಲ. ಸರಿಯಾದ ಬೂಟ್ ಡಿವೈಸ್ ಹಾಕು ಅಂತ ಒಂದೇ ಸಾಲು. ಹಾರ್ಡ್ ಡಿಸ್ಕ್ ಸತ್ತಿತು, ಮೂರು ವರ್ಷದ ಲೆಕ್ಕ ಹೋಯಿತು ಅಂತ ಕುರ್ಚಿಯಲ್ಲೇ ಕುಸಿದೆ. ಓಣಿಯ ಇಂಜಿನಿಯರಿಂಗ್ ಹುಡುಗ ಬಂದು ನೋಡಿದ. ಹಿಂದೆ ಒಂದು ಪೆನ್ ಡ್ರೈವ್ ಸಿಕ್ಕಿಸಿದ್ದು ಹಾಗೇ ಇತ್ತು, ತಂಗಿಯ ಮದುವೆಯ ಬ್ಯಾಂಡಿನ ಹಾಡುಗಳದ್ದು. ಯಾವುದರಿಂದ ಶುರು ಮಾಡಬೇಕು ಎಂಬ ಪಟ್ಟಿಯನ್ನೂ ಮರೆತ ಕಂಪ್ಯೂಟರ್ ಮೊದಲು ಸಿಕ್ಕ ಪೆನ್ ಡ್ರೈವಿನಿಂದಲೇ ಏಳಲು ನೋಡಿತ್ತು. ಬ್ಯಾಂಡಿನ ಹಾಡಿನಿಂದ ಎದ್ದು ಕುಣಿಯಬಹುದು, ವಿಂಡೋಸ್ ಏಳುವುದಿಲ್ಲ.

ಹುಡುಗ ಅಷ್ಟಕ್ಕೇ ಬಿಡಲಿಲ್ಲ. "ಅಂಕಲ್, ರ‍್ಯಾಮ್ ತಗದು ರಬ್ಬರ್ ಹಚ್ಚಿ ತಿಕ್ಕೋಣ" ಅಂದ. ನಮ್ಮ ಕಡೆ ಕಂಪ್ಯೂಟರಿಗೆ ಯಾವ ಜಡ್ಡು ಬಂದರೂ ಇದೇ ಮೊದಲ ಮದ್ದು. ಮಗನ ಕಂಪಾಸ್ ಪೆಟ್ಟಿಗೆಯಿಂದ ರಬ್ಬರ್ ತಂದು, ಆ ಬಂಗಾರದ ಬಣ್ಣದ ಹಲ್ಲುಗಳನ್ನು ಫಳಫಳ ಹೊಳೆಯುವ ತನಕ ತಿಕ್ಕಿದೆವು. ರ‍್ಯಾಮ್ ಹೊಳೆಯಿತು. ತಾರೀಖು ಕದಲಲಿಲ್ಲ.

ಅವ್ವ ಇಷ್ಟೂ ಹೊತ್ತು ನೋಡುತ್ತ ಕೂತಿದ್ದಳು. "ದೃಷ್ಟಿ ಆಗೇತಿ ತಮ್ಮಾ. ದಿನಾ ಮಂದಿ ಬಂದು ನೋಡ್ತಾರ, ಇವಾ ಮನ್ಯಾಗ ಕುಂತ ಗಳಸ್ತಾನ ಅಂತ" ಅಂದಳು. ಉಪ್ಪು, ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮಾನಿಟರಿಗೆ ಮೂರು ಸುತ್ತು ಇಳಿ ತೆಗೆದು ಒಲೆಗೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿ ತಾಗಿತ್ತು ಅಂತ ಲೆಕ್ಕ. ಘಾಟು ಅಷ್ಟೇನೂ ಬರಲಿಲ್ಲ. ಅವ್ವ ಗೆದ್ದ ಮುಖ ಮಾಡಿದಳು. ಅದು ಸಾವ್ಕಾರರು ಕೊಟ್ಟ ಬ್ಯಾಡಗಿ ಮೆಣಸಿನಕಾಯಿ, ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ, ಆ ಕಾಯಿಯಲ್ಲಿ ಇಳಿ ತೆಗೆದರೆ ಹುಬ್ಬಳ್ಳಿಯ ಅರ್ಧ ಊರಿಗೆ ದೃಷ್ಟಿ ಆಗಿರುತ್ತದೆ ಅಂತ ನಾನು ಬಾಯಿ ಬಿಟ್ಟು ಹೇಳಲಿಲ್ಲ.

ಕೊನೆಗೆ ಪೆಟ್ಟಿಗೆ ಹೊತ್ತು ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಮುಚ್ಚಳವನ್ನೂ ತೆಗೆಯದೆ "ಮದರ್‌ಬೋರ್ಡ್ ಹೋಗೇತ್ರಿ, ಆರೂವರೆ ಸಾವಿರ ಆಗ್ತತಿ" ಅಂದ. ಹೊತ್ತು ತಂದಷ್ಟೇ ಗೌರವದಿಂದ ಹೊತ್ತು ವಾಪಸ್ ಬಂದೆ.

ಇದರ ಮಧ್ಯೆ ನನ್ನ ಕೈಗಡಿಯಾರದ ಬೆಲ್ಟ್ ಹರಿದಿತ್ತು. ದುರ್ಗದಬೈಲಿನ ಹತ್ತಿರ ಒಂದು ಗಲ್ಲಿಯ ಬಾಯಿಯಲ್ಲಿ, ಗಾಜಿನ ಸಣ್ಣ ಪೆಟ್ಟಿಗೆ ಇಟ್ಟುಕೊಂಡು ಚಾಚಾ ಒಬ್ಬರು ಕೂಡುತ್ತಾರೆ. ಒಂದು ಕಣ್ಣಿಗೆ ಭೂತಗನ್ನಡಿ, ಇನ್ನೊಂದು ಕಣ್ಣು ರಸ್ತೆಯ ಮೇಲೆ. ಬೆಲ್ಟ್ ಹಾಕುವ ತನಕ ಸುಮ್ನೆ ಕೂಡಲಾರದೆ ನನ್ನ ಕಂಪ್ಯೂಟರಿನ ಕತೆ ಹೇಳಿದೆ. ಆರೂವರೆ ಸಾವಿರದ ಮಾತು ಬಂದಾಗ ಅವರು ಭೂತಗನ್ನಡಿ ತೆಗೆದರು.

"ಬಂದ್ ಮಾಡಿದ ಮ್ಯಾಲೆ ಟೈಮ್ ಮರೀತತಿ ಅಂತೀರಿ. ಗಡಿಯಾರಕ್ಕ ಮತ್ತ್ಯಾವ ರೋಗ ಇರ್ತೈತ್ರೀ? ಸೆಲ್ಲು ಹೋಗೇತಿ."

"ಚಾಚಾ, ಅದು ಕಂಪ್ಯೂಟರ್ ರೀ."

"ಅದರೊಳಗ ಒಂದು ವಾಚ್ ಐತ್ರೀ. ಇದ ವಾಚ್."

ಬಿಚ್ಚಿಟ್ಟಿದ್ದ ಒಂದು ಕ್ವಾರ್ಟ್ಜ್ ಗಡಿಯಾರದಿಂದ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಬೆಳ್ಳಿಬಣ್ಣದ ಕೊಳವೆ ತೋರಿಸಿದರು. ಅದರೊಳಗಿನ ಹರಳು ಸೆಕೆಂಡಿಗೆ 32,768 ಸಲ ನಡುಗುತ್ತದೆ. ಅದನ್ನು ಅರ್ಧ ಮಾಡು, ಅರ್ಧದ ಅರ್ಧ ಮಾಡು, ಹಾಗೇ ಹದಿನೈದು ಸಲ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತದೆ. ಅದೇ ಒಂದು ಸೆಕೆಂಡು. ಕಂಪ್ಯೂಟರಿನ ಬೋರ್ಡಿನ ಮೇಲೂ ಇದೇ ಹರಳು, ಇದೇ ಲೆಕ್ಕ. ನಾನು ಲೆಕ್ಕದವನಲ್ವಾ, ನಂಬದೆ ಮೊಬೈಲಿನಲ್ಲಿ ಹದಿನೈದು ಸಲ ಭಾಗಿಸಿ ನೋಡಿದೆ. ಒಂದು ಪೈಸೆ ಆಚೀಚೆ ಇಲ್ಲ.

"ಹಳೇ ಸೆಲ್ಲು ತಗೊಂಡ್ ಬರ್ರಿ, ನಂಬರ್ ನೋಡಿ ಕೊಡ್ತೀನಿ" ಅಂದರು.

ಮನೆಗೆ ಬಂದು ಪ್ಲಗ್ ಕಿತ್ತು ಪೆಟ್ಟಿಗೆ ಬಿಚ್ಚಿದೆ. ಒಳಗೆ ಬಾಡಿದ ಚೆಂಡು ಹೂವಿನ ಎಸಳು, ಅರಿಷಿಣ, ಕುಂಕುಮ, ಆಯುಧ ಪೂಜೆಯ ಎಲ್ಲ ಗುರುತೂ ಇತ್ತು. ಬೋರ್ಡಿನ ಕೆಳಗಡೆ ಒಂದು ರೂಪಾಯಿ ನಾಣ್ಯದಷ್ಟು ಸೆಲ್ಲು, ಪ್ಲಸ್ ಗುರುತು ಮೇಲೆ ಮಾಡಿ ಮಲಗಿತ್ತು. ಪಕ್ಕದಲ್ಲಿ ಅದನ್ನು ಹಿಡಿದ ಒಂದು ಸಣ್ಣ ತಗಡಿನ ನಾಲಿಗೆ. ಸ್ಕ್ರೂಡ್ರೈವರಿನಿಂದ ಆ ನಾಲಿಗೆಯನ್ನು ಹಗುರಕ್ಕೆ ಹಿಂದೆ ಸರಿಸಿದರೆ ಸೆಲ್ಲು ತಾನೇ ಮೇಲೇಳುತ್ತದೆ. ನಾನು ಹಗುರಕ್ಕೆ ಎಂಬ ಶಬ್ದ ಬಿಟ್ಟು ಉಳಿದದ್ದೆಲ್ಲ ಮಾಡಿದೆ. ಸೆಲ್ಲು ಟಣ್ಣನೆ ಹಾರಿ, ಅವ್ವ ಅಕ್ಕಿ ಹಸನು ಮಾಡುತ್ತಿದ್ದ ಮೊರಕ್ಕೆ ಬಿತ್ತು. ಅವ್ವ ತಲೆ ಎತ್ತಲಿಲ್ಲ. ಅಕ್ಕಿಯಲ್ಲಿ ಬಂದ ರೊಕ್ಕ ಅಂತ ಸೆರಗಿನಲ್ಲಿ ಒರೆಸಿ ಎಲೆ ಅಡಿಕೆಯ ಸಂಚಿಯೊಳಗೆ ಹಾಕಿಕೊಂಡಳು. ಅದನ್ನು ಬಿಡಿಸಿಕೊಳ್ಳಲು ನಾನು ಒಂದು ನಿಜವಾದ ರೂಪಾಯಿ ಕೊಡಬೇಕಾಯಿತು.

ಸೆಲ್ಲಿನ ಬೆನ್ನ ಮೇಲೆ ಸಿಆರ್2032 ಅಂತ ಕೆತ್ತಿತ್ತು. ಹೊರಗೆ ಮಳೆ. ದುರ್ಗದಬೈಲಿನ ತನಕ ಯಾರು ಹೋಗುತ್ತಾರೆ ಅಂತ ಓಣಿಯ ತುದಿಯ ಫ್ಯಾನ್ಸಿ ಅಂಗಡಿಯಲ್ಲಿ ಕೇಳಿದೆ. ಅವನ ಹತ್ತಿರ 2025 ಇತ್ತು. "ಏಳು ನಂಬರಿನ ಫರಕು ಅಷ್ಟ ಅಲ್ರೀ, ನಡೀತೈತಿ ತಗೊಳ್ರಿ." ಏಳು ರೂಪಾಯಿಯ ಫರಕು ಬಂದರೆ ರಾತ್ರಿಯೆಲ್ಲ ಕೂತು ಕೀರ್ದಿ ತಿರುವುವ ನಾನು, ಅವತ್ತು ಒಪ್ಪಿಕೊಂಡೆ. ಮನೆಯಲ್ಲಿ ಹಾಕಿದರೆ ಸೆಲ್ಲು ಸಡಿಲಾದ ಹಲ್ಲುಸೆಟ್ಟಿನ ಹಾಗೆ ಅಲ್ಲಾಡಿತು. ಕೆಳಗೆ ಕಾಗದ ಮಡಚಿ ಇಟ್ಟೆ. ಕಾಗದದಲ್ಲಿ ಕರೆಂಟ್ ಹರಿಯುವುದಿಲ್ಲ ಎಂಬುದು ಮರುದಿನ ಬೆಳಿಗ್ಗೆ, 2009ರಲ್ಲಿ ಎದ್ದು ಕೂತ ಮೇಲೆ ಹೊಳೆಯಿತು.

ಚಾಚಾ ಕೇಳಿ ನಕ್ಕರು. ಮೊದಲ 20 ಅಂದರೆ ಸೆಲ್ಲಿನ ಅಗಲ, 20 ಮಿಲಿಮೀಟರ್. ಆಮೇಲಿನ 32 ಅಂದರೆ ದಪ್ಪ, 3.2 ಮಿಲಿಮೀಟರ್. 25 ಇದ್ದರೆ 2.5. ಅದು ನಂಬರಲ್ಲ, ಅಳತೆ. ಹಳೇ ಸೆಲ್ಲಿಗೆ ಮೀಟರ್ ಹಿಡಿದರೆ ಎರಡು ವೋಲ್ಟೂ ಇರಲಿಲ್ಲ. ಇರಬೇಕಾದ್ದು ಮೂರು. ಹೊಸ 2032ಕ್ಕೆ ನಲವತ್ತು ರೂಪಾಯಿ ಕೊಟ್ಟೆ. ಆರು ಸಾವಿರದ ನಾಲ್ಕುನೂರಾ ಅರವತ್ತು ಉಳಿಯಿತು ಅಂತ ಪಕ್ಕದ ಗಾಡಿಯಲ್ಲಿ ಗಿರ್ಮಿಟ್ ಹೇಳಿ, ಚಾಚಾಗೂ ಒಂದು ಪ್ಲೇಟ್ ಕೊಡಿಸಿದೆ. ಜೊತೆಗೆ ಎರಡೆರಡು ಮಿರ್ಚಿ.

ಸೆಲ್ಲು ಸರಿಯಾಗಿ ಕೂತಿತು. ಸೆಟಪ್ಪಿನೊಳಗೆ ಹೋಗಿ ತಾರೀಖು ಹಾಕಿ, ಹಾರ್ಡ್ ಡಿಸ್ಕನ್ನು ಪಟ್ಟಿಯಲ್ಲಿ ಮೇಲೆ ತಂದು ಸೇವ್ ಮಾಡಿದೆ. ಆ ಚೆಕ್‌ಸಮ್ ಅಂದರೆ ಏನು ಅಂತಲೂ ಆಗ ತಿಳಿಯಿತು. ನಾವು ಕೀರ್ದಿ ಪುಟದ ಕೆಳಗೆ ಒಟ್ಟು ಮೊತ್ತ ಬರೆಯುತ್ತೇವಲ್ಲ, ಹಾಗೇ ಕಂಪ್ಯೂಟರೂ, ಈ ಸೆಲ್ಲಿನ ಬಲದಲ್ಲೇ ಉಳಿಯುವ ಸಿಮಾಸ್ ಎಂಬ ಸಣ್ಣ ನೆನಪಿನೊಳಗಿನ ತನ್ನ ಸೆಟ್ಟಿಂಗುಗಳನ್ನೆಲ್ಲ ಕೂಡಿಸಿ ಮೊತ್ತ ಬರೆದಿಟ್ಟಿರುತ್ತದೆ. ಬೆಳಿಗ್ಗೆ ಕೂಡಿಸಿದಾಗ ತಾಳೆ ಆಗದಿದ್ದರೆ ಪುಟವನ್ನೇ ಹರಿದು, ಕಾರ್ಖಾನೆಯಲ್ಲಿ ಕಲಿತ ಮೊದಲ ಪಾಠಕ್ಕೆ ಹೋಗಿ ಕೂಡುತ್ತದೆ. ನನ್ನದಕ್ಕೆ ಆ ಪಾಠ 2009ರದ್ದು. ಎರಡು ತಿಂಗಳು ಪಾಪ ಅದು ದಿನಾ ಬೆಳಿಗ್ಗೆ, ತಾಳೆ ಆಗವಲ್ದು ಮಾರಾಯಾ ಅಂತ ನನ್ನದೇ ಭಾಷೆಯಲ್ಲಿ ಹೇಳುತ್ತಿತ್ತು. ನಾನು ಎಫ್1 ಒತ್ತಿ ಅದರ ಬಾಯಿ ಮುಚ್ಚುತ್ತಿದ್ದೆ.

ಸಂಜೆ ಆ ಇಂಜಿನಿಯರಿಂಗ್ ಹುಡುಗ ಮತ್ತೆ ಬಂದ. "ಅಂಕಲ್, ರಾತ್ರಿ ಗ್ವಾಡಿ ಮ್ಯಾಲಿನ ಬಟನ್ನೂ ಬಂದ್ ಮಾಡ್ತೀರೇನ್ರೀ?" ಅಂತ ಕೇಳಿದ. ಪ್ಲಗ್ಗಿನಲ್ಲಿ ಕರೆಂಟ್ ಇದ್ದರೆ ಕಂಪ್ಯೂಟರ್ ಬಂದ್ ಇದ್ದಾಗಲೂ ಒಳಗಿನ ಗಡಿಯಾರ ಆ ಕರೆಂಟಿನಲ್ಲೇ ನಡೆಯುತ್ತದಂತೆ, ಸೆಲ್ಲು ಆರಾಮ ಇರುತ್ತದಂತೆ. ಗೋಡೆಯ ಬಟನ್ ತೆಗೆದರೆ ಇಡೀ ಭಾರ ಸೆಲ್ಲಿನ ಮೇಲೆ.

ನಾನು ಅವ್ವನ ಕಡೆ ನೋಡಿದೆ. ಅವ್ವ ಮೊರದ ಕಡೆ ನೋಡಿದಳು.

ರಾತ್ರಿ ಒಂಬತ್ತೂವರೆಗೆ ಮನೆಯ ಎಲ್ಲ ಬಟನ್ ಆರಿಸಿ ಬರುವುದು ಅವ್ವನ ಮೂವತ್ತು ವರ್ಷದ ನೇಮ. ಟಿವಿ, ಮಿಕ್ಸರ್, ಚಾರ್ಜರ್, ಯಾವುದನ್ನೂ ಬಿಡುವುದಿಲ್ಲ. ಗೃಹಜ್ಯೋತಿ ಬಂದು ಬಿಲ್ಲು ಸೊನ್ನೆ ಆದರೂ ನೇಮ ತಪ್ಪಿಲ್ಲ. "ಸರಕಾರದ ರೊಕ್ಕ ಆದ್ರೇನು, ರೊಕ್ಕ ಅಲ್ಲೇನು?" ಅನ್ನುತ್ತಾಳೆ. ಅಂಗಡಿಯ ಹುಡುಗ ಪೂರ್ತಿ ಸುಳ್ಳೇನೂ ಹೇಳಿರಲಿಲ್ಲ ಹಾಗಾದರೆ. ಮದರೂ ಇದ್ದಳು, ಬೋರ್ಡೂ ಇತ್ತು. ಗೋಡೆಯ ಮೇಲೆ.

"ಯವ್ವಾ, ಕಂಪ್ಯೂಟರಿಂದು ಒಂದ ಬಟನ್ ಹಂಗ ಬಿಡು. ಸೆಲ್ಲು ಹಾಳಾಗ್ತತಿ."

"ಸೆಲ್ಲಿಗೆ ಎಷ್ಟ ಬಿತ್ತು?"

"ನಲವತ್ತು."

"ಎಷ್ಟ ದಿನಾ ಬರ್ತತಿ?"

"ನಾಕೈದು ವರ್ಷ ಬಂದೀತು."

"ಬಟನ್ ಬಿಟ್ರ ಎಷ್ಟ ಉರಿತತಿ?"

ಅಲ್ಲೇ ಎಡವಿದೆ ನೋಡಿ. ಲೆಕ್ಕ ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಬಂದ್ ಇದ್ದ ಪೆಟ್ಟಿಗೆಗೆ ಎರಡು ವ್ಯಾಟ್ ಹಿಡಿದೆ. ದಿನಕ್ಕೆ ಇಪ್ಪತ್ನಾಲ್ಕು ತಾಸು, ತಿಂಗಳಿಗೆ ಮೂವತ್ತು ದಿನ. 1.44 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿಯಂತೆ ತಿಂಗಳಿಗೆ 8 ರೂಪಾಯಿ 64 ಪೈಸೆ. ವರ್ಷಕ್ಕೆ 103 ರೂಪಾಯಿ 68 ಪೈಸೆ. ನಾಲ್ಕು ವರ್ಷಕ್ಕೆ... ಅಲ್ಲಿಗೆ ಪೆನ್ನು ಕೆಳಗಿಟ್ಟೆ.

ಅವ್ವ ಕಾಗದ ನೋಡಲಿಲ್ಲ. ಓದಲು ಬರದಿದ್ದರೂ ನನ್ನ ಮುಖದ ಮೇಲಿನ ಮೊತ್ತ ಆಕೆಗೆ ಓದಲು ಬರುತ್ತದೆ. ಮೊರ ಗೋಡೆಗೆ ಒರಗಿಸಿ ಎದ್ದಳು. ಒಂಬತ್ತೂವರೆ ಆಗಿತ್ತು. ಟಿವಿ, ಮಿಕ್ಸರ್, ಚಾರ್ಜರ್.

ಆಮೇಲೆ ಪಡಸಾಲೆಯ ಮೂಲೆಯಿಂದಲೂ ಒಂದು 'ಟಕ್' ಕೇಳಿಸಿತು.