ಎಸ್ಸೆಸ್ಸೆಲ್ಸಿ ವಯಸ್ಸಿಗೇ ಇಂಡಿಯಾ ಕ್ರಿಕೆಟ್ ಟೀಮು: ಬೇಕಾ, ಬೇಡವಾ?

ಪರ: ಹದಿನೆಂಟರ ತನಕ ಕಾಯೋಕೆ ಯಾರ ಮನೆಯಲ್ಲಿ ಬಿಡ್ತಾರೆ?
(ಟೊಮೆಟೊ ಬೆಳೆಯುವ ತಾಯಿ, ಕೋಲಾರ ತಾಲ್ಲೂಕು)

ಶಫಾಲಿ ವರ್ಮಾ ಭಾರತಕ್ಕೆ ಮೊದಲು ಆಡಿದ್ದು 2019ರ ಸೆಪ್ಟೆಂಬರ್‌ನಲ್ಲಿ. ವಯಸ್ಸು 15. ಸೊನ್ನೆಗೆ ಔಟು. ಎರಡೇ ತಿಂಗಳಲ್ಲಿ ವೆಸ್ಟ್ ಇಂಡೀಸ್‌ಗೆ ಹೋಗಿ 49 ಬಾಲಿಗೆ 73 ಹೊಡೆದಳು. ಚಿಕ್ಕ ವಯಸ್ಸಿನಲ್ಲಿ ಅರ್ಧಶತಕ ಹೊಡೆದ ಭಾರತೀಯ ಅಂತ ಸಚಿನ್ ಹೆಸರಲ್ಲಿದ್ದ ದಾಖಲೆ ಅಲ್ಲಿಗೆ ಮುಗಿಯಿತು.

ನನಗೆ ಮಾತ್ರ ರನ್ನಿಗಿಂತ ಅವಳ ಕೂದಲಿನ ಕಥೆ ಇಷ್ಟ. ಹರಿಯಾಣದ ಅವಳೂರು ರೋಹ್ಟಕ್‌ನಲ್ಲಿ ಹುಡುಗಿಯರನ್ನು ಅಕಾಡೆಮಿಗೆ ಸೇರಿಸಿಕೊಳ್ಳಲಿಲ್ಲ. ಆಗ ಹುಡುಗರ ಥರ ಕೂದಲು ಕತ್ತರಿಸಿಕೊಂಡು ಹೋಗಿ ಆಡಿದಳು. ಅದಕ್ಕೆ ಅಪ್ಪನೇ ಬೆನ್ನಿಗೆ ನಿಂತರು.

ನನಗೆ ಆ ಅದೃಷ್ಟ ಇರಲಿಲ್ಲ. ರಾಗಿ ಕೊಯ್ಲಾದ ಮೇಲೆ ಹೊಲದಲ್ಲಿ ಅಣ್ಣನ ಜೊತೆ ಆಡುತ್ತಿದ್ದೆ. ತೆಂಗಿನ ಮಟ್ಟೆಯೇ ಬ್ಯಾಟು. ನಾನು ಹೊಡೆದರೆ ಬಾಲು ಕೆರೆ ಏರಿ ದಾಟುತ್ತಿತ್ತು. (ಅಣ್ಣ ಈಗಲೂ ಒಪ್ಪಲ್ಲ.) ಏಳನೇ ಕ್ಲಾಸಿನಲ್ಲಿ ದೊಡ್ಡವಳಾದೆ. ಸೊಪ್ಪಿನ ಗುಡಿಸಲು ಹಾಕಿದರು, ಚಿಗಳಿ ತಿನ್ನಿಸಿದರು, ಆರತಿ ಎತ್ತಿದರು. ಎಲ್ಲ ಮುಗಿದು ಹೊರಗೆ ಬಂದರೆ ಬ್ಯಾಟು ನೀರೊಲೆಗೆ ಹೋಗಿತ್ತು. ಯಾರೂ ಬೈಯಲಿಲ್ಲ. ಆಡಬೇಡ ಅಂತಲೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹದಿನೆಂಟಾಗಲಿ ಅನ್ನುವವರೇ, ನಡುವಿನ ಆ ನಾಲ್ಕೈದು ವರ್ಷ ಹುಡುಗಿ ಎಲ್ಲಿರುತ್ತಾಳೆ? ಅಡುಗೆಮನೆಯಲ್ಲಿ. ಹದಿನೆಂಟಕ್ಕೆ ನೋಡಲು ಬರುವವರು ಸೆಲೆಕ್ಟರ್‌ಗಳಲ್ಲ, ಗಂಡಿನ ಕಡೆಯವರು!

ದುಡ್ಡಿನ ಮಾತೂ ಆಡಬೇಕು. 2022ರಿಂದ ಹೆಂಗಸರಿಗೂ ಗಂಡಸರಷ್ಟೇ ಮ್ಯಾಚ್ ಫೀ: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6, ಟಿ20ಗೆ 3. ಟೊಮೆಟೊ ಬಾಕ್ಸು ನೂರು ರೂಪಾಯಿಗೆ ಇಳಿದಾಗ 3 ಲಕ್ಷ ನೋಡಲು ಮೂರು ಸಾವಿರ ಬಾಕ್ಸು ಮಂಡಿಗೆ ಹೊರಬೇಕು. ಇದನ್ನು ಹೇಳಿದರೆ ಎಂಥ ಅಜ್ಜಿಯೂ ಸುಮ್ಮನಾಗುತ್ತಾಳೆ.

ಓದು ಹಾಳಾಗುತ್ತೆ ಅಂತೀರಾ? ಹನ್ನೆರಡನೇ ಕ್ಲಾಸಿನಲ್ಲಿ ಶಫಾಲಿಗೆ ಎಂಬತ್ತಕ್ಕಿಂತ ಜಾಸ್ತಿ ಪರ್ಸೆಂಟ್ ಬಂತು. ಮಗುವಿನ ಮನಸ್ಸಿಗೆ ಒತ್ತಡ ಅಂತೀರಾ? ಬೆಳಗಿನ ಐದಕ್ಕೇ ಟ್ಯೂಷನ್ನಿಗೆ ಎಬ್ಬಿಸುವವರು ಆಡೋ ಮಾತಾ ಇದು?

ಹೌದು, ಏಕದಿನ ತಂಡದಿಂದ ಅವಳನ್ನು ಒಂದು ವರ್ಷ ಹೊರಗಿಟ್ಟಿದ್ದರು. ವಿಶ್ವಕಪ್ ತಂಡಕ್ಕೂ ಮೊದಲಿಗೆ ಆರಿಸಿರಲಿಲ್ಲ. ಓಪನರ್ ಪ್ರತೀಕಾ ರಾವಲ್‌ಗೆ ಪೆಟ್ಟಾಗಿ ಇವಳಿಗೆ ಕರೆ ಬಂತು. 2025ರ ನವೆಂಬರ್ 2ರ ಫೈನಲ್‌ನಲ್ಲಿ 87 ರನ್, ಎರಡು ವಿಕೆಟ್. ಆ ರಾತ್ರಿ ನನ್ನ ಮಗಳು ಅಂಗಳದಲ್ಲಿ ಬ್ಯಾಟ್ ಬೀಸುತ್ತಲೇ ಇದ್ದಳು. ಅವಳಿಗೀಗ ಹನ್ನೆರಡು.

ವಿರೋಧ: ಸ್ವಲ್ಪ ತಡೀರಿ
(ನಿವೃತ್ತ ಪಿ.ಟಿ. ಮೇಷ್ಟ್ರು, ತುಮಕೂರು)

ವಿರೋಧಕ್ಕೆ ಯಾರೂ ಸಿಗಲಿಲ್ಲ, ನೀವೇ ಬರೀರಿ ಸಾರ್ ಅಂದರು. ಬರೆಯುತ್ತಿದ್ದೇನೆ. 2025ರ ಆ ಫೈನಲ್ ದಿನ ಟೀವಿ ಮುಂದೆ ನಾನೂ ಕುಣಿದೆ, ಅದು ಬೇರೆ ವಿಷಯ.

2020ರ ಮಾರ್ಚ್ 8. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಟಿ20 ವಿಶ್ವಕಪ್ ಫೈನಲ್, 86,174 ಜನ. ಹದಿನಾರರ ಶಫಾಲಿ ಆಸ್ಟ್ರೇಲಿಯಾದ ಅಲಿಸಾ ಹೀಲಿಯ ಕ್ಯಾಚ್ ಬಿಟ್ಟಳು. ಹೀಲಿ 75 ಹೊಡೆದರು. ಶಫಾಲಿ 2ಕ್ಕೆ ಔಟಾದಳು. ಕೊನೆಗೆ ಅಳುತ್ತಿದ್ದಾಗಲೂ ಕ್ಯಾಮೆರಾ ಬಿಡಲಿಲ್ಲ. ನಮ್ಮ ಶಾಲೆಯಲ್ಲಿ ಆ ವಯಸ್ಸಿನ ಹುಡುಗಿ ಕ್ಯಾಚ್ ಬಿಟ್ಟರೆ ನೋಡುವವರು ನಾನು, ಬೇಲಿಯಾಚೆ ಮೇಯುವ ಎರಡು ಎಮ್ಮೆ.

ಅದೇ ವರ್ಷ ವಿಶ್ವ ಕ್ರಿಕೆಟ್ ಸಂಸ್ಥೆ ಐಸಿಸಿ, 15ಕ್ಕಿಂತ ಚಿಕ್ಕವರು ದೇಶದ ಪರ ಆಡುವಂತಿಲ್ಲ ಅಂತ ನಿಯಮ ಮಾಡಿತು. ಅವರಿಗೂ ಒಂದು ಗೆರೆ ಬೇಕು ಅನ್ನಿಸಿತಲ್ವಾ? ಅದನ್ನು ಇನ್ನೊಂದೆರಡು ವರ್ಷ ಮುಂದಕ್ಕೆ ಎಳೆಯಿರಿ ಅಷ್ಟೇ. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ಭಾರತಕ್ಕೆ ಆಡಿದ್ದು 18 ತುಂಬಿದ ಮೇಲೆ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 45 ಬಾಲಿಗೆ 70 ಹೊಡೆದರು. ಏನು ಕಮ್ಮಿಯಾಯಿತು?

ನೀರೊಲೆಯ ಕಥೆ ಓದಿದೆ. ಬೇಜಾರಾಯಿತು. ಆದರೆ ಅದು ಹಳೇ ಕಾಲ. ಆ ತಾಯಿಯ ಮಾತು ಕೇಳಿದರೆ ತೊಟ್ಟಿಲಿಗೇ ಬ್ಯಾಟು ಕಟ್ಟಬೇಕು.

ನನ್ನ ಕೈಕೆಳಗೆ ಒಬ್ಬಳು ಫಾಸ್ಟ್ ಬೌಲರ್ ಇದ್ದಳು. ಒಂಬತ್ತನೇ ಕ್ಲಾಸಿನಿಂದ ಬೆಳಿಗ್ಗೆ ರೈಲಲ್ಲಿ ಬೆಂಗಳೂರಿಗೆ ಹೋಗಿ ಪ್ರಾಕ್ಟೀಸ್ ಮಾಡಿ ಬರುತ್ತಿದ್ದಳು. ಒಂದು ದಾರಿಗೇ 70 ಕಿಲೋಮೀಟರ್. ಹದಿನಾರಕ್ಕೆ ಬೆನ್ನುಮೂಳೆಯಲ್ಲಿ ಬಿರುಕು. ಡಾಕ್ಟರು ಬೌಲಿಂಗ್ ಬೇಡ ಅಂದರು. ಮನೆಯವರು ಟೀಸಿ ತಗೊಂಡು ಹೋದರು. ಬೆಳಗಿನ ಚಳಿಯಲ್ಲಿ ಅವಳನ್ನು ಬೈಕಿನಲ್ಲಿ ಸ್ಟೇಷನ್ನಿಗೆ ಬಿಡುತ್ತಿದ್ದವನು ನಾನೇ.