ನೀರು ತಾಕಿದರೆ ಮೈಲಿಗೆ

ದಿನವೂ ನಲ್ಲಿ ನೀರು ಬಾರದ ಓಣಿಗಳು ಹುಬ್ಬಳ್ಳಿಯಲ್ಲಿ ಇನ್ನೂ ಇವೆ. ಬಂದ ದಿನ ಕೊಡ, ಬಕೆಟ್, ಬ್ಯಾರೆಲ್, ಮಾಳಿಗೆಯ ಟಾಕಿ ಎಲ್ಲವೂ ತುಂಬಬೇಕು. ಮಲಪ್ರಭೆಯ ನೀರನ್ನು ಹೀಗೆ ಕೂಡಿಟ್ಟು ಬಾಳುವವರಿಗೆ, ನೀರಿನಿಂದಲೇ ಒಂದು ವಸ್ತು ಹೊಲಸಾಗುತ್ತದೆ ಎಂದರೆ ನಂಬಿಕೆ ಹುಟ್ಟುವುದು ಹೇಗೆ? ಜಗತ್ತೆಲ್ಲ ನೀರಿನಿಂದ ಮಡಿಯಾದರೆ ಕಾಂಟ್ಯಾಕ್ಟ್ ಲೆನ್ಸ್ ನೀರಿನಿಂದ ಮೈಲಿಗೆಯಾಗುತ್ತದೆ.

ಅಕ್ಕನ ಮಗಳಿಗೆ ಕನ್ನಡಕ ಬೇಡವಾದದ್ದು ಹೆಣ್ಣು ನೋಡಲು ಬರುವವರ ಸುದ್ದಿ ತಿಳಿದ ಮೇಲೆ. ಲೆನ್ಸ್ ಬಂತು, ಜೊತೆಗೆ ಎಡಕ್ಕೊಂದು ಬಲಕ್ಕೊಂದು ಮುಚ್ಚಳವಿರುವ ಪುಟ್ಟ ಡಬ್ಬಿ, ಒಂದು ಬಾಟಲಿ ದ್ರಾವಣ. ಬಾಟಲಿಯ ಬೆಲೆ ಕೇಳಿದ ಅವ್ವ, ‘ಟಾಕಿಯಲ್ಲಿ ಇಷ್ಟು ನೀರಿದೆಯಲ್ಲ, ಅದರಲ್ಲೇ ಜಾಲಾಡಿಸಬಾರದೇ?’ ಎಂದಳು.

ಬಾರದು. ಕೆರೆ, ಮಣ್ಣು, ನಲ್ಲಿ, ಟಾಕಿ ಎಲ್ಲೆಡೆ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರಬಹುದು. ಕವಚದೊಳಗೆ ಮುದುಡಿ ಕೂತಿತೆಂದರೆ ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್‌ಗೂ ಅದು ಜಗ್ಗುವುದಿಲ್ಲ. ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ತಕರಾರಿಲ್ಲ. ಲೆನ್ಸಿಗೆ ಅಂಟಿಕೊಂಡು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಇಳಿದರೆ ತಿಂಗಳುಗಟ್ಟಲೆ ಔಷಧದ ಹನಿ, ಕೆಲವರಿಗೆ ಕಾರ್ನಿಯಾ ಕಸಿಯೂ ಬೇಕಾಗುತ್ತದೆ. ಹಾಗಾಗಿ ಲೆನ್ಸ್ ಹಾಕಿಕೊಂಡು ಸ್ನಾನ, ಈಜು ಎರಡೂ ಕೂಡದು. ಕೈಯನ್ನು ಸಾಬೂನಿನಿಂದ ತೊಳೆದರೆ ಸಾಲದು, ಒರೆಸಿ ಒಣಗಿಸಿಯೇ ಮುಟ್ಟಬೇಕು.

ನಮ್ಮ ಉಳಿತಾಯದ ಬುದ್ಧಿ ಇಲ್ಲಿ ಕೈಕೊಡುತ್ತದೆ. ಡಬ್ಬಿಯಲ್ಲಿರುವ ನಿನ್ನೆಯ ದ್ರಾವಣವನ್ನು ಚೆಲ್ಲದೆ ಮೇಲಿಷ್ಟು ಹೊಸದನ್ನು ಸುರಿಯುವುದೆಂದರೆ ಕಣ್ಣಿಗೆ ಸೋಂಕು ತರುವ ಸೂಡೊಮೊನಾಸ್ ಬ್ಯಾಕ್ಟೀರಿಯಾಕ್ಕೆ ನಾವೇ ಹೆಪ್ಪು ಹಾಕಿಕೊಟ್ಟ ಹಾಗೆ. ಡಬ್ಬಿಯನ್ನೂ ಹೆಚ್ಚೆಂದರೆ ಮೂರು ತಿಂಗಳಿಗೆ ಎಸೆಯಬೇಕಂತೆ. ಖಾಲಿ ಹಾರ್ಲಿಕ್ಸ್ ಬಾಟಲಿಯನ್ನೇ ಎಸೆಯದ ಮನೆಗಳಲ್ಲಿ ಇದು ಸುಲಭದ ಮಾತಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ನಿದ್ದೆ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಎಚ್ಚರವಿದ್ದಾಗ ಅದು ಗಾಳಿಯಿಂದಲೇ ಆಮ್ಲಜನಕ ಹೀರುತ್ತದೆ. ಮೇಲೆ ಲೆನ್ಸ್, ಅದರ ಮೇಲೆ ಮುಚ್ಚಿದ ರೆಪ್ಪೆ ಎಂದರೆ ಅದಕ್ಕೆ ಉಸಿರುಗಟ್ಟುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಹುಬ್ಬಳ್ಳಿಯ ಹೊಸೂರು ನಿಲ್ದಾಣದಲ್ಲಿ ಬೆಂಗಳೂರಿನ ರಾತ್ರಿ ಬಸ್ ಹತ್ತಿ, ದಾವಣಗೆರೆ ದಾಟುವ ಮೊದಲೇ ಲೆನ್ಸ್ ಸಮೇತ ಗೊರಕೆ ಹೊಡೆಯುವವರಿಗೆ ಇದನ್ನು ಯಾರು ಹೇಳಬೇಕು?

ಬಣ್ಣದ ಲೆನ್ಸಿನ ಕಥೆಯೇ ಬೇರೆ. ಮದುವೆಮನೆಯಲ್ಲಿ ಅದು ಕೈಯಿಂದ ಕೈಗೆ ದಾಟುತ್ತದೆ. ಎಂಜಲು ಲೋಟವನ್ನು ದೂರ ಸರಿಸುವವರೇ ಇನ್ನೊಬ್ಬರ ಕಣ್ಣಿನಿಂದ ತೆಗೆದದ್ದನ್ನು ತಮ್ಮ ಕಣ್ಣಿಗೆ ಇಟ್ಟುಕೊಂಡು ಫೋಟೊಕ್ಕೆ ನಿಲ್ಲುತ್ತಾರೆ. ಅಕ್ಕನ ಮಗಳು ಈ ವಿಷಯದಲ್ಲಿ ಖಡಕ್. ತಂಗಿಯರು ಕೇಳಿದರೆ ಬಳೆ ಕೊಡುತ್ತಾಳೆ, ಇಳಕಲ್ ಸೀರೆ ಕೊಡುತ್ತಾಳೆ. ಆ ಡಬ್ಬಿ ಮಾತ್ರ ಬೀರುವಿನಲ್ಲಿ, ಬೀಗದ ಕೈ ಅವಳ ಸೊಂಟದಲ್ಲಿ.