ಕೀಲಿ ಯಾರ ಕಡೆ ಐತಿ?

ಲಗ್ನದ ಮನೆಯಲ್ಲಿ ಬಂಗಾರಕ್ಕಿಂತ ಜಾಸ್ತಿ ಹುಡುಕಾಡಿಸುವ ವಸ್ತು ಯಾವುದು ಗೊತ್ತಾ? ಕೀಲಿಕೈ. ನಮ್ಮ ವಿಜಯಪುರದ ಯಾವ ಮಂಗಲ ಕಾರ್ಯಾಲಯಕ್ಕಾದರೂ ಹೋಗಿ ನೋಡಿ. ಮದುಮಗಳ ಖೋಲಿಗೆ ಕೀಲಿ ಬಿದ್ದಿರುತ್ತದೆ. ದಂಡಿ, ಬಾಸಿಂಗ, ತಾಳಿ ಎಲ್ಲ ಒಳಗೆ. ಹೊರಗೆ ಅಯ್ಯನವರು "ಲಗೂನ ತರ್ರಿ, ವ್ಯಾಳ್ಯಾ ಆತು" ಅಂತ ಅವಸರ ಮಾಡುತ್ತಿರುತ್ತಾರೆ. ಕೀಲಿ ಸೋದರಮಾವನ ಕಿಸೆಯಲ್ಲಿ, ಸೋದರಮಾವ ಬಸ್ ಸ್ಟ್ಯಾಂಡಿನಲ್ಲಿ, ಸೊಲ್ಲಾಪುರದಿಂದ ಬರುವ ಬೀಗರ ದಾರಿ ಕಾಯುತ್ತಾ.

ಮದುಮಕ್ಕಳು ತಿಂಗಳುಗಟ್ಟಲೆ ಮಾತಾಡಿರುತ್ತಾರೆ. ಫೋಟೋ ಬಾದಾಮಿಯಲ್ಲೋ, ಕೊಲ್ಹಾರದ ಹತ್ತಿರ ಕೃಷ್ಣೆಯ ದಂಡೆಯಲ್ಲೋ. ಸ್ಟೇಜಿಗೆ ಯಾವ ಬಣ್ಣದ ಹೂವು. ಕೀಲಿಯ ಮಾತು ಮಾತ್ರ ಒಂದು ದಿನವೂ ಬಂದಿರುವುದಿಲ್ಲ. ಯಾರೋ ಒಬ್ಬರು ನೋಡಿಕೊಳ್ಳುತ್ತಾರೆ ಬಿಡು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ.

ಇನ್ನು ಕಿಸೆಯ ವಿಷಯ. ಮದುಮಗನ ಧೋತರಕ್ಕೆ ಕಿಸೆ ಇಲ್ಲ, ಮದುಮಗಳ ಇಳಕಲ್ ಸೀರೆಗಂತೂ ಕೇಳಲೇಬೇಡಿ. ಹಾಗಾದರೆ ಇಬ್ಬರ ಫೋನು ಎಲ್ಲಿ? ಲಗ್ನಪತ್ರಿಕೆಯಲ್ಲಿ ಅಪ್ಪನ ನಂಬರ್ ಇದ್ದರೂ ಗೆಳೆಯರು ಫೋನ್ ಹಚ್ಚುವುದು ಮದುಮಗನಿಗೇ. ಅವನ ಮುಂದೆ ಅಂತರಪಟ ಹಿಡಿದಿರುತ್ತಾರೆ, ಎಲ್ಲರ ಕೈಯಲ್ಲೂ ಅಕ್ಕಿಕಾಳು, ಅಷ್ಟರಲ್ಲಿ ಎಲ್ಲಿಂದಲೋ ರಿಂಗ್ ಆಗುತ್ತದೆ: "ದೋಸ್ತಾ, ಅಥಣಿ ರೋಡಿಗೆ ಬಂದೀವಿ, ಮುಂದ ಎಡಕ್ಕೋ ಬಲಕ್ಕೋ?" ಫೋಟೋದಲ್ಲಿ ನಿಲ್ಲುವ ಹುರುಪಿಲ್ಲದ ಒಬ್ಬ ಕಾಕಾನ ಮಗ ಎಲ್ಲ ಮನೆಯಲ್ಲೂ ಇರುತ್ತಾನೆ. ಎರಡೂ ಫೋನು, ಎಲ್ಲ ಕೀಲಿ ಅವನ ಕೈಗೆ ಕೊಡಿ. ಕಾರ್ಯಾಲಯದ ದಾರಿಯನ್ನೂ ಅವನೇ ಹೇಳಲಿ.

ಕಾರ್ಯಾಲಯದ ಬಾಡಿಗೆ ಇನ್ನೊಂದು ದೊಡ್ಡ ಕಥೆ. ಬಾಡಿಗೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಅದರಲ್ಲಿ ಏನೇನು ಬಂತು ಅಂತ ಕೇಳುವವರು ಕಡಿಮೆ. ಜನರೇಟರ್ ಇದೆ ಅಂದಿರುತ್ತಾರೆ, ನಿಜ, ಆದರೆ ಡೀಸೆಲ್ ಯಾರದು? ಕಸ ಹೊಡೆಯುವವರ ರೊಕ್ಕ ಬೇರೆಯಾ? ನೀರು ಸಾಲದಿದ್ದರೆ ಟ್ಯಾಂಕರ್ ತರಿಸುವವರು ಯಾರು? ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಕರೆಂಟು ಬೇರೆ ಹೇಳದೆ ಕೇಳದೆ ಹೋಗುತ್ತದೆ, ಅಂಥದ್ದರಲ್ಲಿ ಎಲ್ಲಾ ಫ್ಯಾನು ಜನ ಕೂರುವ ಕಡೆ ಇದ್ದು ಸ್ಟೇಜಿನ ಮೇಲೆ ಬರೀ ದೊಡ್ಡ ದೊಡ್ಡ ಲೈಟಿದ್ದರೆ ಮದುಮಕ್ಕಳ ಗತಿ ಏನು? ಹೊರಡುವಾಗ ಅಡಿಗೆಮನೆಯ ಭಾಂಡೆ ಎಣಿಸುತ್ತಾರೆ. ಒಂದು ಸೌಟು ಕಡಿಮೆಯಾದರೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅದಕ್ಕೆ ತಗೊಳ್ಳುವಾಗಲೇ ಎಣಿಸಿಕೊಳ್ಳಬೇಕು.

ಸೀರೆ ತಂದರೆ ಮುಗೀತು ಅಂತಲೂ ಅಂದುಕೊಳ್ಳಬೇಡಿ. ಇಳಕಲ್ ಸೀರೆಯ ಮೇಲೆ ಗುಳೇದಗುಡ್ಡದ ಖಣ ಚೆಂದ, ಒಪ್ಪಿದೆ. ಆದರೆ ಆ ಖಣ ಕುಪ್ಪಸ ಆಗಬೇಕಲ್ಲ! ಲಗ್ನದ ಸೀಸನ್ನಿನಲ್ಲಿ ಟೇಲರ್ "ನಾಳೆ ಬರ್ರಿ ಅಕ್ಕಾರ" ಅಂದರೆ ಆ ನಾಳೆ ಬರುವುದು ಅರಿಶಿಣದ ದಿನ ಸಂಜೆ. ಹಾಕಿ ನೋಡಿದರೆ ತೋಳು ಬಿಗಿ. ಆಗ ಸೂಜಿ ದಾರದ ಚಿಕ್ಕಮ್ಮನೇ ದೇವರು.

ಮದುಮಕ್ಕಳ ಊಟವೂ ಹಂಗೇ. ಸಾವಿರ ಜನ ಉಂಡು ಹೋಗಿರುತ್ತಾರೆ, ಇವರಿಬ್ಬರು ಇನ್ನೂ ಸ್ಟೇಜಿನ ಮೇಲೆ ನಗುತ್ತಾ ನಿಂತಿರುತ್ತಾರೆ. ಕೊನೆಗೆ ಕೂತಾಗ ಹುಗ್ಗಿ ತಳ ಹತ್ತಿರುತ್ತದೆ.

ನೋಡಿ, ಇದೇ ಲಗ್ನದಲ್ಲಿ ಆಯೇರಿ, ಅಂದರೆ ಮುಯ್ಯಿ, ಬರೆಯುವ ಕೆಲಸ ಯಾವತ್ತಾದರೂ ತಪ್ಪಿದೆಯಾ? ಟೇಬಲ್ಲು, ವಹಿ, ಪೆನ್ನು, ಅದು ನಿಂತರೆ ಇನ್ನೊಂದು ಪೆನ್ನು, ಬರೆಯಲು ಒಬ್ಬ, ರೊಕ್ಕ ಇಟ್ಟುಕೊಳ್ಳಲು ಒಬ್ಬ. ಯಾರು ಎಷ್ಟು ಕೊಟ್ಟರು ಅನ್ನುವುದು ಅವರ ಮನೆಯ ಲಗ್ನಕ್ಕೆ ತಿರುಗಿ ಕೊಡುವಾಗ ಬೇಕು. ಅಷ್ಟು ಹುಷಾರಿಯ ಜನ ನಾವು. ಆ ವಹಿಯ ಹಿಂದಿನ ಹಾಳೆಯಲ್ಲಿ ಕೀಲಿ, ಡೀಸೆಲ್, ಟ್ಯಾಂಕರ್ ಅಂತ ಬರೆದು ಎದುರಿಗೆ ಒಂದೊಂದು ಹೆಸರು ಹಾಕಲು ಎಷ್ಟು ಹೊತ್ತು ಬೇಕು?

ಎಲ್ಲ ಮುಗಿದ ಮೇಲೆ ನೆನಪಾಗುವುದು ಮದುವೆಯ ನೋಂದಣಿ. ಪಾಸ್‌ಪೋರ್ಟಿಗೋ ವೀಸಾಕ್ಕೋ ಬೇಕಾದಾಗ. ಹಿಂದೂ ಪದ್ಧತಿಯ ಮದುವೆಗೆ 2024ರಿಂದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಅದಕ್ಕೆ ಲಗ್ನಪತ್ರಿಕೆ ಬೇಕು ಅಂದಾಗ ಮನೆಯೆಲ್ಲ ಜಾಲಾಡುತ್ತಾರೆ. ಪತ್ರಿಕೆ ಎಲ್ಲ ಹಂಚಿಯಾಗಿದೆ! ಹೇಗೋ ಒಂದು ಸಿಕ್ಕಿತು ಅನ್ನಿ, ಅದರಲ್ಲಿ "ಮಲ್ಲು" ಅಂತಿದೆ, ಆಧಾರಿನಲ್ಲಿ "ಮಲ್ಲಿಕಾರ್ಜುನ". ಅದಕ್ಕೇ ಅಚ್ಚಿಗೆ ಕೊಡುವ ಮುಂಚೆ ಹೆಸರು ಪೂರ್ತಿ ಬರೆಸಿ, ನಾಲ್ಕು ಪತ್ರಿಕೆ ಮನೆಯ ಟ್ರೆಝರಿಯಲ್ಲಿ, ಅಂದರೆ ಕಪಾಟಿನಲ್ಲಿ, ಎತ್ತಿಡಿ. ಸಾಕ್ಷಿಗೆ ಮೂವರು ಬೇಕು. ಲಗ್ನಕ್ಕೆ ಊರಿಗೆ ಊರೇ ಬಂದಿತ್ತು, ಈಗ ಕೇಳಿದರೆ ಒಬ್ಬ ಹೊಲದಲ್ಲಿ, ಒಬ್ಬ ಪುಣೆಯಲ್ಲಿ, ಒಬ್ಬ ಫೋನೇ ಎತ್ತುವುದಿಲ್ಲ. ಅಂದೇ ಊಟದ ಪಂಕ್ತಿಯಲ್ಲಿ ಮೂವರನ್ನು ಹಿಡಿದು ಮಾತು ತಗೊಂಡುಬಿಡಿ. ಕೈಯಲ್ಲಿ ಹುಗ್ಗಿ ಇರುವಾಗ ಯಾರೂ ಒಲ್ಲೆ ಅನ್ನುವುದಿಲ್ಲ.